ಮಿಸ್ಟ್, ಫಾಗ್, ಹೇಜ್, ಹಾರ್: ಎಲ್ಲಕ್ಕೂ ‘ಮಂಜು’ ಅಂದರೆ ಸಾಲದು

ಇಂಗ್ಲಿಷ್–ಕನ್ನಡ ನಿಘಂಟು ತೆಗೆದು ‘ಮಿಸ್ಟ್’ ನೋಡಿ. ಮಂಜು ಅಂತ ಇರುತ್ತದೆ. ‘ಫಾಗ್’ ನೋಡಿ. ಅದೂ ಮಂಜು, ಹೆಚ್ಚೆಂದರೆ ಹಿಂದೆ ಒಂದು ‘ದಟ್ಟ’ ಸೇರಿರುತ್ತದೆ. ‘ಹೇಜ್’ ಅಂದರೆ ತೆಳುಮಂಜು. ಇಷ್ಟು ಸಾಲದು ಅಂತ ಸ್ನೋ ಬಿದ್ದರೂ ನಾವು ‘ಮಂಜು ಬೀಳ್ತಿದೆ’ ಅನ್ನುತ್ತೇವೆ, ಅದು ಗಟ್ಟಿಯಾದರೆ ಮಂಜುಗಡ್ಡೆ. ಒಂದೇ ಪದದ ಮೇಲೆ ಎಷ್ಟು ಭಾರ ಹೊರಿಸಿದ್ದೇವೆ ನೋಡಿ.

ನಾನು ಆಗಾಗ ಅನುವಾದ ಮಾಡುತ್ತೇನೆ. ಒಮ್ಮೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮೀನುಗಾರನೊಬ್ಬನ ದಿನಚರಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಬೆಳಿಗ್ಗೆ ಮಿಸ್ಟ್ ಇತ್ತು, ಅವನು ದೋಣಿ ಇಳಿಸಿದ. ಮಧ್ಯಾಹ್ನ ದೂರದಲ್ಲಿ ಹಾರ್ ಅನ್ನೋ ಕಡಲಮಂಜು ಕಂಡಿತು, ಕೂಡಲೇ ಬಲೆ ಎಳೆದುಕೊಂಡು ದಡದ ಕಡೆ ತಿರುಗಿದ. ನಾನು ಎರಡೂ ಕಡೆ ಮಂಜು ಅಂತ ಬರೆದೆ. ಓದಿದ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಮಂಜಿಗೆ ಹೆದರದೆ ಹೋದವನು ಮಧ್ಯಾಹ್ನ ಅದೇ ಮಂಜಿಗೆ ಯಾಕೆ ಹೆದರಿದ?’ ಅವಳ ಪ್ರಶ್ನೆ ಸರಿಯಾಗೇ ಇತ್ತು. ಮೂಲದಲ್ಲಿ ಆ ಎರಡು ಪದಗಳ ನಡುವೆ ಒಬ್ಬ ಮನುಷ್ಯನ ಜೀವ ಉಳಿಸುವಷ್ಟು ತಿಳಿವಳಿಕೆ ಇತ್ತು. ನನ್ನ ಕನ್ನಡದಲ್ಲಿ ಅದು ಇರಲಿಲ್ಲ.

ಆಮೇಲೆ ಈ ಪದಗಳ ಹಿಂದೆ ಬಿದ್ದೆ. ಇವು ಕವಿಗಳು ಬೇಸರ ಕಳೆಯೋಕೆ ಮಾಡಿಕೊಂಡ ಸಮಾನಾರ್ಥಕ ಪದಗಳಲ್ಲ. ಒಂದೊಂದು ಪದವೂ ಒಂದೊಂದು ಪ್ರಶ್ನೆಗೆ ಉತ್ತರ. ಎಷ್ಟು ದೂರ ಕಾಣುತ್ತದೆ? ಇದು ಒದ್ದೆಯೋ, ಒಣವೋ? ಎಲ್ಲಿಂದ ಬಂತು, ಎಷ್ಟು ಹೊತ್ತು ಇರುತ್ತದೆ?

ಮೊದಲು ದೂರದ ವಿಷಯ. ಮಿಸ್ಟ್ ಮತ್ತು ಫಾಗ್ ಎರಡೂ ಒಂದೇ ವಸ್ತು. ಗಾಳಿಯಲ್ಲಿ ತೇಲುವ ನೀರಿನ ಹನಿಗಳು, ಅಷ್ಟೇ. ನೆಲಕ್ಕೆ ಇಳಿದ ಮೋಡ ಅಂತ ಬೇಕಾದರೂ ಅನ್ನಿ. ಈ ಹನಿಗಳು ಎಷ್ಟು ಸಣ್ಣವೆಂದರೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತವೆ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅದಕ್ಕೇ ಅವು ಮಳೆಯ ಹಾಗೆ ದಬದಬ ಬೀಳದೆ ತೇಲಿಕೊಂಡಿರುತ್ತವೆ. ಹನಿ ಜಾಸ್ತಿಯಾದಷ್ಟೂ ಬೆಳಕು ಚದುರುತ್ತದೆ, ಎದುರಿನದು ಕಾಣದಾಗುತ್ತದೆ. ಎಲ್ಲಿಯವರೆಗೆ ಮಿಸ್ಟ್, ಎಲ್ಲಿಂದ ಫಾಗ್ ಅನ್ನೋದಕ್ಕೆ ಹವಾಮಾನದವರು ಮತ್ತು ವಿಮಾನದವರು ಒಂದು ಗೆರೆ ಎಳೆದಿದ್ದಾರೆ: 1,000 ಮೀಟರ್. ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಫಾಗ್. ಅದಕ್ಕಿಂತ ಜಾಸ್ತಿ ಕಂಡರೆ ಮಿಸ್ಟ್. ಊರಾಚೆ ಒಂದು ಕಿಲೋಮೀಟರ್ ದೂರದಲ್ಲಿ ದೇವಸ್ಥಾನದ ಗೋಪುರ ಇದೆ ಅಂದುಕೊಳ್ಳಿ. ಬೆಳಿಗ್ಗೆ ಎದ್ದು ನೋಡಿದಾಗ ಗೋಪುರ ಮಸುಕಾಗಿ ಕಂಡರೆ ಅದು ಮಿಸ್ಟ್, ಗೋಪುರ ಇದ್ದ ಗುರುತೇ ಇಲ್ಲದಿದ್ದರೆ ಫಾಗ್.

ಅಂದರೆ ಫಾಗ್ ಅನ್ನುವಾಗ ಇಂಗ್ಲಿಷಿನವರ ಕಿವಿಗೆ ‘ಜೋಪಾನ’ ಅನ್ನೋದೂ ಕೇಳಿಸುತ್ತದೆ. ಮಿಸ್ಟ್‌ನಲ್ಲಿ ಆ ಎಚ್ಚರಿಕೆ ಇಲ್ಲ.

ಒಂದು ಕಿಲೋಮೀಟರ್ ಅನ್ನೋದು ವಿಮಾನಕ್ಕೆ ಸರಿ, ಕಾರು ಓಡಿಸುವವರಿಗೆ ಅಷ್ಟೊಂದು ಕಾಣದಿದ್ದರೂ ನಡೆಯುತ್ತದೆ. ಹಾಗಾಗಿ ಬ್ರಿಟನ್ನಿನಲ್ಲಿ ಸಾಮಾನ್ಯ ಜನರಿಗೆ ಹೇಳುವ ಹವಾಮಾನ ವರದಿಯಲ್ಲಿ ಫಾಗ್ ಅಂದರೆ 180 ಮೀಟರಿಗಿಂತ ಕಡಿಮೆ ಕಾಣುವುದು ಅಂತ ಅರ್ಥ. ನಮ್ಮ ಭಾರತೀಯ ಹವಾಮಾನ ಇಲಾಖೆ ಫಾಗನ್ನೇ ನಾಲ್ಕು ಮೆಟ್ಟಿಲು ಮಾಡಿದೆ: 500ರಿಂದ 1,000 ಮೀಟರ್ ಕಂಡರೆ ತೆಳು, 200ರಿಂದ 500 ಕಂಡರೆ ಮಧ್ಯಮ, 50ರಿಂದ 200 ಕಂಡರೆ ದಟ್ಟ, 50 ಮೀಟರೂ ಕಾಣದಿದ್ದರೆ ಅತಿ ದಟ್ಟ. ಚಳಿಗಾಲದಲ್ಲಿ ದೆಹಲಿಯ ಸುದ್ದಿ ಓದುವಾಗ ‘ಅತಿ ದಟ್ಟ ಮಂಜು’ ಅಂತ ಕಂಡರೆ ಅದು ಪತ್ರಕರ್ತರ ಉತ್ಪ್ರೇಕ್ಷೆ ಅಲ್ಲ, ಅದಕ್ಕೊಂದು ಅಳತೆ ಇದೆ.

ಇಲ್ಲೇ ಇನ್ನೊಂದು ಮಾತು. ವಿಮಾನ ನಿಲ್ದಾಣಗಳು ಹೊರಡಿಸುವ ‘ಮೆಟಾರ್’ ಅನ್ನೋ ಹವಾಮಾನ ವರದಿಯಲ್ಲಿ ಫಾಗ್‌ಗೆ ಎಫ್‌ಜಿ ಅಂತ ಬರೆಯುತ್ತಾರೆ, ಹೇಜ್‌ಗೆ ಎಚ್‌ಜೆಡ್. ಆದರೆ ಮಿಸ್ಟ್‌ಗೆ ಬಿಆರ್! ಮಿಸ್ಟ್‌ನಲ್ಲಿ ಬಿ ಎಲ್ಲಿದೆ, ಆರ್ ಎಲ್ಲಿದೆ? ಅದು ಫ್ರೆಂಚ್ ಪದ ‘ಬ್ರೂಮ್’. ಈ ಪದ ಇಂಗ್ಲಿಷಿಗೂ ಬಂದಿದೆ, ಕವಿತೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಅದರ ಬೇರು ಲ್ಯಾಟಿನ್‌ನ ‘ಬ್ರೂಮಾ’. ಅಂದರೆ ವರ್ಷದ ಅತಿ ಚಿಕ್ಕ ಹಗಲು, ಅದರಿಂದ ಚಳಿಗಾಲ. ಚಿಕ್ಕ ಹಗಲು ಹೋಗಿ ಚಳಿಗಾಲ ಆಯಿತು, ಚಳಿಗಾಲ ಹೋಗಿ ಮಂಜು ಆಯಿತು. ಫ್ರೆಂಚ್ ಕ್ರಾಂತಿಯವರು ತಿಂಗಳುಗಳಿಗೆ ಹೊಸ ಹೆಸರಿಟ್ಟಾಗ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನ ತಿಂಗಳನ್ನು ‘ಬ್ರೂಮೇರ್’ ಅಂತ ಕರೆದರು, ಮಂಜಿನ ತಿಂಗಳು. 1799ರಲ್ಲಿ ನೆಪೋಲಿಯನ್ ಅಧಿಕಾರ ಹಿಡಿದದ್ದು ಆ ಬ್ರೂಮೇರ್ ತಿಂಗಳ 18ನೇ ದಿನ.

ಈಗ ಒದ್ದೆ–ಒಣದ ಪ್ರಶ್ನೆ. ಹೇಜ್ ಅನ್ನು ತೆಳುಮಂಜು ಅನ್ನೋದು ತಪ್ಪು ಅಂತ ನಾನು ಖಚಿತವಾಗಿ ಹೇಳುತ್ತೇನೆ. ಹೇಜ್‌ನಲ್ಲಿ ನೀರಿನ ಕೆಲಸ ಇಲ್ಲ. ಧೂಳು, ಹೊಗೆ, ಉಪ್ಪಿನ ಕಣ, ಇಂಥ ಒಣ ಪುಡಿ ಗಾಳಿಯಲ್ಲಿ ತುಂಬಿಕೊಂಡು ದೂರದ ಬೆಟ್ಟ ಮಾಸಲಾಗಿ ಕಾಣೋದು ಹೇಜ್. ಮಿಸ್ಟ್ ಬಿಳಿ ಅಥವಾ ಬೂದು. ಹೇಜ್ ಹಾಗಲ್ಲ: ಕಪ್ಪು ಬೆಟ್ಟದ ಮುಂದೆ ನೀಲಿ ಛಾಯೆ, ಬೆಳಗುವ ಆಕಾಶದ ಮುಂದೆ ಹಳದಿ ಅಥವಾ ಕಂದು ಛಾಯೆ. ಮಿಸ್ಟ್‌ನಲ್ಲಿ ನಡೆದರೆ ಹುಬ್ಬು ಒದ್ದೆಯಾಗುತ್ತದೆ, ಹೇಜ್‌ನಲ್ಲಿ ನಡೆದರೆ ಗಂಟಲು ಒಣಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲುಸೀಮೆಯಲ್ಲಿ ದೂರದ ಗುಡ್ಡ ಕಂಡೂ ಕಾಣದ ಹಾಗಿರುತ್ತದೆ, ಅಲ್ವಾ? ಅದು ಹೇಜ್. ಅದಕ್ಕೆ ನಮ್ಮಲ್ಲಿ ‘ಮಬ್ಬು’ ಅನ್ನೋ ಒಳ್ಳೆಯ ಪದ ಇದೆ. ಮಂಜನ್ನು ಅಲ್ಲಿಗೆ ಎಳೆದು ತರುವ ಅಗತ್ಯವೇ ಇಲ್ಲ.

ಸಿಂಗಪುರ, ಮಲೇಷ್ಯಾದಲ್ಲಿರುವ ಕನ್ನಡಿಗರಿಗೆ ಈ ಪದದ ಇನ್ನೊಂದು ಮುಖ ಗೊತ್ತಿರುತ್ತದೆ. ಅಲ್ಲಿಯ ಇಂಗ್ಲಿಷಿನಲ್ಲಿ ‘ದ ಹೇಜ್’ ಅಂದರೆ ಇಂಡೋನೇಷ್ಯಾದಲ್ಲಿ ಕಾಡು ಮತ್ತು ಜೌಗು ನೆಲ ಉರಿದು ಬರುವ ಹೊಗೆ. 1997ರಲ್ಲಿ, 2015ರಲ್ಲಿ ಅದು ತೀರಾ ಕೆಟ್ಟದಾಗಿತ್ತು, ಶಾಲೆಗಳಿಗೆ ರಜೆ ಕೊಡುವ ಮಟ್ಟಕ್ಕೆ ಹೋಯಿತು. 2002ರಲ್ಲಿ ಆಸಿಯಾನ್ ದೇಶಗಳು ಇದರ ಬಗ್ಗೆ ಒಪ್ಪಂದ ಮಾಡಿಕೊಂಡಾಗ ಅದರ ಹೆಸರಿನಲ್ಲೇ ‘ಹೇಜ್’ ಸೇರಿಸಿದವು. ಅಲ್ಲಿಂದ ಬಂದ ಸುದ್ದಿಯನ್ನು ‘ಸಿಂಗಪುರಕ್ಕೆ ಮಂಜು ಮುಸುಕಿದೆ’ ಅಂತ ಕನ್ನಡಕ್ಕೆ ಮಾಡಿದರೆ ಓದುಗರು ಸ್ವೆಟರ್ ನೆನಪಿಸಿಕೊಳ್ಳುತ್ತಾರೆ. ಬೇಕಾದದ್ದು ಮಾಸ್ಕ್.

ಒದ್ದೆ ಮತ್ತು ಒಣ ಎರಡೂ ಸೇರಿದರೆ? ಅದು ಸ್ಮಾಗ್. ಈ ಪದದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಒಂದು ಪದ ಹುಟ್ಟಿ, ಬೆಳೆದು, ತನ್ನ ಅರ್ಧ ಅರ್ಥವನ್ನೇ ಕಳೆದುಕೊಂಡ ಕಥೆ ಇದು.

ಹತ್ತೊಂಬತ್ತನೇ ಶತಮಾನದ ಲಂಡನ್‌ನಲ್ಲಿ ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಥೇಮ್ಸ್ ನದಿಯ ಬಯಲಿನ ಸಹಜ ಫಾಗ್‌ಗೆ ಆ ಹೊಗೆ, ಮಸಿ ಸೇರಿ ಹಳದಿ ಬಣ್ಣದ ಒಂದು ಗೊಜ್ಜಿನ ಹಾಗಾಗುತ್ತಿತ್ತು. ಜನ ಅದನ್ನು ‘ಪೀ ಸೂಪರ್’ ಅಂತ ಕರೆದರು, ಒಣಗಿದ ಬಟಾಣಿ ಬೇಯಿಸಿ ಮಾಡುವ ಗಟ್ಟಿ ಸೂಪಿನ ಹಾಗೆ ಇದೆ ಅಂತ. ಇನ್ನೊಂದು ಹೆಸರು ‘ಲಂಡನ್ ಪರ್ಟಿಕ್ಯುಲರ್’. ಮೊದಲಿಗೆ ಅದು ಲಂಡನ್ ಮಾರುಕಟ್ಟೆಗೆಂದೇ ತರಿಸುತ್ತಿದ್ದ ಮದೀರಾ ದ್ವೀಪದ ಒಂದು ಮದ್ಯದ ಹೆಸರು. 1905ರಲ್ಲಿ ಲಂಡನ್‌ನಲ್ಲಿ ನಡೆದ ಸಾರ್ವಜನಿಕ ಆರೋಗ್ಯದ ಸಮ್ಮೇಳನದಲ್ಲಿ ಹೆನ್ರಿ ಡೆ ವೂ ಎಂಬ ವೈದ್ಯರು ಸ್ಮೋಕ್ ಮತ್ತು ಫಾಗ್ ಎರಡನ್ನೂ ಕೂಡಿಸಿ ‘ಸ್ಮಾಗ್’ ಅಂತ ಬಳಸಿದರು. ಪದ ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಕಂಡಿದ್ದರೂ ಜನರ ಬಾಯಿಗೆ ಬಂದದ್ದು ಆಮೇಲೆ. ಅವರ ಉದ್ದೇಶ ಸ್ಪಷ್ಟ. ಫಾಗ್ ಅನ್ನುತ್ತಾ ಇದ್ದರೆ ಇದು ದೇವರು ಕೊಟ್ಟ ಹವಾಮಾನ ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ಸ್ಮಾಗ್ ಅಂದರೆ ಇದರಲ್ಲಿ ನಮ್ಮ ಒಲೆಯ ಪಾಲೂ ಇದೆ ಅಂತ ಒಪ್ಪಿಕೊಂಡ ಹಾಗೆ.

ಅಷ್ಟಾದರೂ ಒಪ್ಪಿಕೊಳ್ಳೋಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಗಾಳಿ ಆಡಲೇ ಇಲ್ಲ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿತು, ಕೆಳಗೆ ಚಳಿ. ಚಳಿಗೆ ಜನ ಇನ್ನಷ್ಟು ಕಲ್ಲಿದ್ದಲು ಹಾಕಿದರು, ಹೊಗೆ ಹೋಗೋಕೆ ದಾರಿಯಿಲ್ಲದೆ ಅಲ್ಲೇ ಉಳಿಯಿತು, ಕಲ್ಲಿದ್ದಲಿನ ಗಂಧಕ ಮಂಜಿನ ಹನಿಯೊಳಗೆ ಸೇರಿ ಆಮ್ಲವಾಯಿತು, ಆ ಹನಿಯನ್ನು ಜನ ಉಸಿರಾಡಿದರು. ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆದು ದಾರಿ ತೋರಿಸಬೇಕಾಯಿತು. ನಾಟಕಶಾಲೆಯೊಳಗೆ ಮಂಜು ನುಗ್ಗಿ ಪ್ರದರ್ಶನ ನಿಂತಿತು. ಅರ್ಲ್ಸ್ ಕೋರ್ಟ್‌ನಲ್ಲಿ ನಡೆಯುತ್ತಿದ್ದ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಒಳ್ಳೊಳ್ಳೆ ದನಗಳು ಉಸಿರುಗಟ್ಟಿ ಸತ್ತವು. ಸತ್ತ ಮನುಷ್ಯರ ಲೆಕ್ಕ ಆಗ ಸುಮಾರು 4,000 ಅಂದರು, ಆಮೇಲಿನ ಅಧ್ಯಯನಗಳು ಅದು 12,000ದವರೆಗೆ ಇರಬಹುದು ಅಂತ ಹೇಳಿವೆ. ನಾಲ್ಕು ವರ್ಷ ಬಿಟ್ಟು, 1956ರಲ್ಲಿ, ಬ್ರಿಟನ್ ಶುದ್ಧ ಗಾಳಿಯ ಕಾಯಿದೆ ತಂದಿತು.

ಆ ಹೊತ್ತಿಗೆ ಪದ ಅಟ್ಲಾಂಟಿಕ್ ದಾಟಿತ್ತು. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಣ್ಣು ಉರಿಸುವ ಕಂದು ಮಬ್ಬು ಕವಿಯಿತು. ಯುದ್ಧದ ಕಾಲ, ಜಪಾನಿನ ವಿಷಾನಿಲ ದಾಳಿ ಇರಬಹುದು ಅಂತ ಕೆಲವರು ಹೆದರಿದರು. ಮುಂದೆ ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಅದು ಕಾರುಗಳ ಹೊಗೆ ಮತ್ತು ಎಣ್ಣೆ ಶುದ್ಧೀಕರಣ ಘಟಕಗಳ ಆವಿ ಬಿಸಿಲಿಗೆ ಬಿದ್ದು ಆಗುವ ರಾಸಾಯನಿಕ ಕ್ರಿಯೆ ಅಂತ ತೋರಿಸಿದರು. ಅಲ್ಲಿ ಚಳಿಯೂ ಇಲ್ಲ, ನೀರಿನ ಹನಿಯೂ ಇಲ್ಲ, ಫಾಗ್ ಅನ್ನುವಂಥದ್ದು ಏನೇನೂ ಇಲ್ಲ. ಆದರೂ ಅದನ್ನೂ ಸ್ಮಾಗ್ ಅಂತಲೇ ಕರೆದರು. ಹಾಗೆ ಸ್ಮಾಗ್‌ನ ಒಳಗಿಂದ ಫಾಗ್ ಹೊರಟುಹೋಯಿತು. ಇವತ್ತು ಆ ಪದ ಕೇಳಿದರೆ ಕೆಟ್ಟ ಗಾಳಿ ಅನ್ನೋದಷ್ಟೇ ನೆನಪಾಗುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಕೆಲವರು ಇದಕ್ಕೆ ‘ಹೊಗೆಮಂಜು’ ಅಂತ ಬಳಸುತ್ತಾರೆ. ದೆಹಲಿಯ ಚಳಿಗಾಲಕ್ಕೆ ಅದು ನಿಜವಾಗಿಯೂ ಚೆನ್ನಾಗಿ ಹೊಂದುತ್ತದೆ, ಅಲ್ಲಿ ಹೊಗೆಯೂ ಇದೆ, ಮಂಜೂ ಇದೆ.

ಇನ್ನು ಮೂರನೇ ಪ್ರಶ್ನೆ, ಎಲ್ಲಿಂದ ಬಂತು. ನನ್ನ ಮೀನುಗಾರನ ಹಾರ್ ಇರೋದು ಇಲ್ಲೇ.

ಗಾಳಿ ತಣ್ಣಗಾದರೆ ಅದರಲ್ಲಿದ್ದ ನೀರಾವಿ ಹನಿಯಾಗುತ್ತದೆ. ಹೇಗೆ ತಣ್ಣಗಾಯಿತು ಅನ್ನೋದರ ಮೇಲೆ ಮಂಜಿನ ಸ್ವಭಾವ ನಿಂತಿದೆ. ನಮಗೆ ಬಯಲಿನಲ್ಲಿ ಪರಿಚಯ ಇರುವುದು ರಾತ್ರಿಯ ಮಂಜು. ಡಿಸೆಂಬರ್, ಜನವರಿಯಲ್ಲಿ ಆಕಾಶ ನಿಚ್ಚಳವಾಗಿದ್ದು ಗಾಳಿ ನಿಂತರೆ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ಬೆಳಗಿನ ಜಾವ ಕೆರೆಯ ಸುತ್ತ, ತಗ್ಗಿನಲ್ಲಿ ಮಂಜು ಮಲಗಿರುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಮುಂಜಾನೆ ವಿಮಾನಗಳು ತಡವಾಗೋದು ಇದರಿಂದಲೇ. ಬಿಸಿಲು ಏರಿದರೆ ಇದು ಕರಗುತ್ತದೆ. ಕ್ಯಾಲಿಫೋರ್ನಿಯಾದ ಒಳನಾಡಿನ ಕಣಿವೆಯಲ್ಲಿ ಇದೇ ಜಾತಿಯ ಮಂಜು ಚಳಿಗಾಲದಲ್ಲಿ ದಿನಗಟ್ಟಲೆ ಕೂರುತ್ತದೆ. ಅಲ್ಲಿಯ ಜೌಗಿನಲ್ಲಿ ಬೆಳೆಯುವ ‘ಟೂಲಿ’ ಅನ್ನೋ ಜೊಂಡಿನ ಹೆಸರಿನಿಂದ ಅದು ‘ಟೂಲಿ ಫಾಗ್’. ಹೆದ್ದಾರಿಯಲ್ಲಿ ಹತ್ತಾರು ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡ ಅಪಘಾತಗಳಿಗೆ ಅದು ಕುಖ್ಯಾತ.

ಹಾರ್ ಹಾಗಲ್ಲ. ಅದು ಹುಟ್ಟೋದು ಸಮುದ್ರದ ಮೇಲೆ, ಅದೂ ವಸಂತ ಮತ್ತು ಬೇಸಿಗೆಯಲ್ಲಿ, ಹೆಚ್ಚಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಯೂರೋಪಿನ ಕಡೆಯಿಂದ ಬೆಚ್ಚಗಿನ ಗಾಳಿ ಉತ್ತರ ಸಮುದ್ರದ ಮೇಲೆ ಹಾದು ಬರುತ್ತದೆ. ಆ ನೀರು ಮೇ ತಿಂಗಳಲ್ಲೂ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಬೆಚ್ಚಗಿನ ಗಾಳಿಯ ಹೊಟ್ಟೆ ಆ ತಣ್ಣೀರಿಗೆ ತಾಗಿ ಮಂಜಾಗುತ್ತದೆ. ಪೂರ್ವದ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಎಡಿನ್‌ಬರೊ ಊರಿನಲ್ಲಿ ನೀಲಿ ಆಕಾಶ, ಜನ ಹುಲ್ಲಿನ ಮೇಲೆ ಮಲಗಿ ಬಿಸಿಲು ಕಾಯಿಸುತ್ತಿರುತ್ತಾರೆ. ನೋಡನೋಡುತ್ತಾ ಸಮುದ್ರದ ಕಡೆಯಿಂದ ಬಿಳಿ ಗೋಡೆಯೊಂದು ಬರುತ್ತದೆ, ಬಿಸಿಲು ಆರುತ್ತದೆ, ಚಳಿ ಹಿಡಿಯುತ್ತದೆ, ಬೆಟ್ಟದ ಮೇಲಿನ ಕೋಟೆ ಮಾಯವಾಗುತ್ತದೆ. ಕೆಲವೇ ಮೈಲಿ ಒಳಗೆ ಹೋದರೆ ಅಲ್ಲಿ ಬಿಸಿಲು ಹಾಗೇ ಇರುತ್ತದೆ. ದೋಣಿಯಲ್ಲಿದ್ದವನಿಗೆ ಈ ಗೋಡೆಯೊಳಗೆ ಸಿಕ್ಕಿಕೊಂಡರೆ ದಡ ಯಾವ ಕಡೆ ಅನ್ನೋದೇ ತಿಳಿಯುವುದಿಲ್ಲ. ಬೆಳಗಿನ ಮಿಸ್ಟ್ ಬಿಸಿಲಿಗೆ ಕರಗುತ್ತದೆ ಅಂತ ಅವನಿಗೆ ಗೊತ್ತು. ಹಾರ್ ಬಿಸಿಲಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ, ಗಾಳಿ ಪೂರ್ವದಿಂದ ಬೀಸುವಷ್ಟು ಹೊತ್ತೂ ಬರುತ್ತಲೇ ಇರಬಹುದು ಅನ್ನೋದೂ ಗೊತ್ತು. ಅದಕ್ಕೇ ತಿರುಗಿ ಬಂದ.

ಇದೇ ಕರಾವಳಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ, ನಾರ್ತಂಬರ್‌ಲ್ಯಾಂಡ್, ಯಾರ್ಕ್‌ಶೈರ್ ಕಡೆ ಇದನ್ನು ‘ಫ್ರೆಟ್’ ಅಥವಾ ‘ಸೀ ಫ್ರೆಟ್’ ಅನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಸಿದ್ಧ ಮಂಜೂ ಹೀಗೆ ತಣ್ಣನೆ ಸಮುದ್ರದ ಮೇಲೆ ಹುಟ್ಟಿದ್ದು. 2010ರಿಂದ ಅದಕ್ಕೆ ‘ಕಾರ್ಲ್’ ಅನ್ನೋ ಮನುಷ್ಯರ ಹೆಸರೇ ಅಂಟಿಕೊಂಡಿದೆ, ಅಲ್ಲಿರುವ ಕನ್ನಡಿಗರೂ ಹಾಗೇ ಕರೆಯೋದನ್ನು ಕೇಳಿದ್ದೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಲ್ಯಾಬ್ರಡಾರ್ ಎಂಬ ತಣ್ಣನೆಯ ಪ್ರವಾಹವೂ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹವೂ ಸೇರುತ್ತವೆ, ಅಲ್ಲಿ ವರ್ಷದ 200ಕ್ಕೂ ಹೆಚ್ಚು ದಿನ ಮಂಜು. ಹಬೆಯಿಂದ ಕೂಗುವ ಮೊದಲ ಮಂಜುಕಹಳೆಯನ್ನು ನಿಲ್ಲಿಸಿದ್ದೂ ಕೆನಡಾದ ಪೂರ್ವ ಕರಾವಳಿಯಲ್ಲೇ. 1859ರಲ್ಲಿ ಪಾರ್ಟ್ರಿಜ್ ದ್ವೀಪದಲ್ಲಿ, ರಾಬರ್ಟ್ ಫೌಲಿಸ್ ಅವರ ಯೋಚನೆ ಅದು. ಕಣ್ಣು ಕೈಕೊಟ್ಟಾಗ ಕಿವಿಗೆ ದಾರಿ ಹೇಳುವ ಉಪಾಯ.

ನಮ್ಮ ಕಾರವಾರ, ಮಲ್ಪೆ, ಮಂಗಳೂರಿನಲ್ಲಿ ಹೀಗೆ ಆಗೋದಿಲ್ಲ. ನಮ್ಮ ಕಡಲು ಬೆಚ್ಚಗಿದೆ, ಬೇಸಿಗೆಯಲ್ಲಿ 28 ಡಿಗ್ರಿಗೂ ಮೇಲೆ. ಬೆಚ್ಚಗಿನ ಗಾಳಿಯನ್ನು ತಣ್ಣಗೆ ಮಾಡುವ ಶಕ್ತಿ ಆ ನೀರಿಗಿಲ್ಲ. ಹಾಗಾಗಿ ಕನ್ನಡದಲ್ಲಿ ಹಾರ್‌ಗೆ ಪದ ಇಲ್ಲದಿರೋದು ಕೊರತೆಯೇನಲ್ಲ. ಇಲ್ಲದ ವಸ್ತುವಿಗೆ ಯಾರು ತಾನೇ ಹೆಸರಿಡುತ್ತಾರೆ?

ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆಗಾಲದ ಮಧ್ಯಾಹ್ನ ರಸ್ತೆಗೆ ಅಡ್ಡ ಬರುವ ಮಂಜು ಮತ್ತೊಂದು ಜಾತಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತದೆ, ಬೆಟ್ಟ ಆ ಮೋಡದೊಳಗೆ ತಲೆ ಇಟ್ಟಿರುತ್ತದೆ. ಕೆಳಗೆ ನಿಂತವರಿಗೆ ಮೋಡ, ಮೇಲೆ ನಿಂತವರಿಗೆ ಮಂಜು. ಇಂಗ್ಲಿಷಿನಲ್ಲಿ ಇದು ‘ಹಿಲ್ ಫಾಗ್’. 1802ರಲ್ಲಿ ಮೋಡಗಳಿಗೆ ಕ್ರಮವಾಗಿ ಹೆಸರಿಟ್ಟ ಲಂಡನ್‌ನ ಔಷಧ ವ್ಯಾಪಾರಿ ಲ್ಯೂಕ್ ಹೊವಾರ್ಡ್ ಕೂಡ ನೆಲದ ಮಂಜನ್ನು ಮೋಡದ ಪಟ್ಟಿಯಲ್ಲೇ ಸೇರಿಸಿದ್ದರು, ‘ಸ್ಟ್ರೇಟಸ್’ ಅನ್ನೋ ಹೆಸರಿನ ಕೆಳಗೆ. ಇಂಥ ಬೆಟ್ಟದ ಮಂಜನ್ನು ನೋಡುತ್ತಾ ಕೂತವರಿಗೆ ನೊಬೆಲ್ ಬಹುಮಾನವೂ ಬಂದಿದೆ ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. 1894ರ ಸೆಪ್ಟೆಂಬರ್‌ನಲ್ಲಿ ಸಿ. ಟಿ. ಆರ್. ವಿಲ್ಸನ್ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿ ಎರಡು ವಾರ ಇದ್ದರು. ಬಿಸಿಲು ಬಿದ್ದ ಮಂಜಿನ ಮೇಲೆ ಬೆಟ್ಟದ ನೆರಳಿನ ಸುತ್ತ ಬಣ್ಣದ ಬಳೆಗಳು ಮೂಡೋದನ್ನು ಕಂಡು ಬೆರಗಾದರು. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಬೇಕು ಅಂತ ಹೊರಟವರು ಕೊನೆಗೆ ಪರಮಾಣುವಿನೊಳಗಿನ ಕಣಗಳ ಜಾಡು ಕಾಣಿಸುವ ‘ಕ್ಲೌಡ್ ಚೇಂಬರ್’ ಮಾಡಿದರು. 1927ರಲ್ಲಿ ನೊಬೆಲ್ ಬಂತು.

ಮಂಜು ಮತ್ತು ಮಳೆಯ ನಡುವಿನ ಜಾಗದಲ್ಲೂ ಇಂಗ್ಲಿಷಿಗೆ ಪದಗಳಿವೆ. ಹನಿ ಅರ್ಧ ಮಿಲಿಮೀಟರಿಗಿಂತ ಸಣ್ಣದಿದ್ದು ನಿಧಾನವಾಗಿ ಬೀಳುತ್ತಿದ್ದರೆ ‘ಡ್ರಿಜಲ್’. ಕಾರ್ನ್‌ವಾಲ್, ಡೆವನ್ ಕಡೆಯವರು ‘ಮಿಜಲ್’ ಅನ್ನುತ್ತಾರೆ. ಇದು ಮಿಸ್ಟ್ ಮತ್ತು ಡ್ರಿಜಲ್ ಸೇರಿಸಿ ಮಾಡಿದ ಪದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಹಾಗಲ್ಲ, ಹದಿನೈದನೇ ಶತಮಾನದಿಂದಲೇ ಇರುವ ಸ್ವಂತ ಪದ ಅದು. ಸ್ಕಾಟರಲ್ಲಿ ಇನ್ನೂ ಸಣ್ಣ ಮಳೆಗೆ ‘ಸ್ಮರ್’ ಅಂತಿದೆ. ಈ ಜಾಗದಲ್ಲಿ ಮಾತ್ರ ನಾವು ಯಾರಿಗೂ ಕಡಿಮೆ ಇಲ್ಲ: ಸೋನೆ, ತುಂತುರು, ಜಿಟಿಜಿಟಿ, ಜಡಿ, ಹನಿಮಳೆ. ತಿಂಗಳುಗಟ್ಟಲೆ ಮಳೆ ನೋಡಿದ ಜನ ಅಲ್ವಾ. ಮಿಜಲ್‌ಗೆ ‘ಸೋನೆ’ ಅಂದರೆ ಅರ್ಥ ಅಷ್ಟೂ ಬಂದುಬಿಡುತ್ತದೆ.

ಚಳಿ ಸೊನ್ನೆಗಿಂತ ಕೆಳಗಿಳಿದರೂ ಮಂಜಿನ ಹನಿ ನೀರಾಗಿಯೇ ಉಳಿದು, ಏನಾದರೂ ತಾಗಿದ ಕೂಡಲೇ ಗಟ್ಟಿಯಾಗೋದು ‘ಫ್ರೀಜಿಂಗ್ ಫಾಗ್’. ಅಮೆರಿಕದ ಪಶ್ಚಿಮದ ಕಣಿವೆಗಳಲ್ಲಿ ಇಂಥ ಹೆಪ್ಪುಗಟ್ಟುವ ಮಂಜಿಗೆ ಶೋಶೋನಿ ಮೂಲನಿವಾಸಿಗಳ ಭಾಷೆಯಿಂದ ‘ಪೋಗೊನಿಪ್’ ಅನ್ನೋ ಪದ ಬಂದಿದೆ. ನಮಗೆ ಇದರ ಅನುಭವ ಇಲ್ಲ, ಬಿಡಿ.

ಪದಗಳ ಬೇರು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ದೊಡ್ಡ ಖುಷಿ ಮಿಸ್ಟ್‌ನದು. ಅದು ಹಳೆಯ ಇಂಗ್ಲಿಷಿನ ಕಾಲದಿಂದ ಇರುವ ಪದ, ಮತ್ತು ಅದರ ಬೇರೂ ಸಂಸ್ಕೃತದ ‘ಮೇಘ’ದ ಬೇರೂ ಒಂದೇ. ರಷ್ಯನ್ ಭಾಷೆಯಲ್ಲಿ ಮಬ್ಬಿಗೆ ‘ಮ್ಗ್ಲಾ’ ಅನ್ನುತ್ತಾರೆ, ಅದೂ ಇದೇ ಬಳ್ಳಿಯದು. ಒಂದು ಕಾಲದಲ್ಲಿ ಒಂದೇ ಇದ್ದ ಪದ ಒಂದು ಕಡೆ ನೆಲದ ಮೇಲೆ ಉಳಿಯಿತು, ಇನ್ನೊಂದು ಕಡೆ ಆಕಾಶಕ್ಕೆ ಏರಿತು. ನಾವು ಸಂಸ್ಕೃತದಿಂದ ತಂದು ದಿನಾ ಬಳಸುವ ಮೇಘ, ಮಿಸ್ಟ್‌ನ ದೂರದ ನೆಂಟ. ಫಾಗ್ ಇಷ್ಟು ಹಳೆಯದಲ್ಲ, ಹವಾಮಾನದ ಅರ್ಥದಲ್ಲಿ ಅದು ಕಾಣೋದು ಹದಿನಾರನೇ ಶತಮಾನದಲ್ಲಿ. ಅದಕ್ಕೂ ಮೊದಲೇ ಫಾಗ್ ಅಂದರೆ ಹುಲ್ಲು ಕೊಯ್ದ ಮೇಲೆ ಮತ್ತೆ ಚಿಗುರುವ ಹುಲ್ಲು ಅಂತ ಇತ್ತು. ಈ ಎರಡಕ್ಕೂ ಸಂಬಂಧ ಇದೆ ಅಂತ ಕೆಲವು ಭಾಷಾತಜ್ಞರು, ಇಲ್ಲ ಅದು ಸ್ಕ್ಯಾಂಡಿನೇವಿಯದಿಂದ ಬಂದ ಬೇರೆ ಪದ ಅಂತ ಇನ್ನು ಕೆಲವರು.

ನಮ್ಮ ‘ಮಂಜು’ ದ್ರಾವಿಡ ಪದ. ಮಲಯಾಳದ ‘ಮಞ್ಞ್’ ಕೂಡ ಇಬ್ಬನಿ, ಮಂಜು, ಹಿಮ ಎಲ್ಲವನ್ನೂ ಹೊರುತ್ತದೆ. ತಮಿಳರು ಇದಕ್ಕೆ ಬಳಸುವ ‘ಪನಿ’ ನಮ್ಮಲ್ಲಿ ‘ಹನಿ’ ಆಗಿ ಉಳಿದಿದೆ, ಇಬ್ಬನಿಯ ‘ಬನಿ’ಯೂ ಅದೇ. ದಟ್ಟ ಫಾಗ್‌ಗೆ ನಮ್ಮಲ್ಲಿ ‘ಕಾವಳ’ ಅನ್ನೋ ಹಳೆಯ ಪದ ಇದೆ. ಅದಕ್ಕೆ ಕತ್ತಲೆ ಅನ್ನೋ ಅರ್ಥವೂ ಇದೆ, ಹಾಗಾಗಿ ಕಣ್ಣು ಕಾಣದ ಸ್ಥಿತಿ ಅದರೊಳಗೇ ಬಂದುಬಿಡುತ್ತದೆ. ಇದನ್ನು ನಾವು ಇನ್ನೂ ಜಾಸ್ತಿ ಬಳಸಬೇಕು ಅನ್ನೋದು ನನ್ನ ಆಸೆ.

ಮನಸ್ಸಿನ ಮಾತಿಗೆ ಬಂದಾಗಲೂ ಈ ಪದಗಳು ತಮ್ಮ ಗುಣ ಬಿಡುವುದಿಲ್ಲ. ಮಿಸ್ಟ್ ಮೃದು. ಕಣ್ಣು ‘ಮಿಸ್ಟಿ’ ಆಯಿತು ಅಂದರೆ ಪ್ರೀತಿಗೋ ನೆನಪಿಗೋ ತೇವವಾಯಿತು ಅಂತ. ಫಾಗ್ ಅಂದರೆ ದಾರಿ ತಪ್ಪುವುದು. ಕೋವಿಡ್ ಬಂದುಹೋದವರು ‘ಬ್ರೇನ್ ಫಾಗ್’ ಅಂತ ಹೇಳಿಕೊಂಡದ್ದು ನೆನಪಿದೆಯಲ್ಲ, ಏನೋ ಹೇಳಹೊರಟು ಪದವೇ ಸಿಗದ ಆ ಒದ್ದಾಟ. ಅದನ್ನು ಬ್ರೇನ್ ಮಿಸ್ಟ್ ಅಂತ ಯಾರೂ ಅನ್ನಲಿಲ್ಲ. ಹೇಜ್ ಅಂದರೆ ಅರೆಬರೆ: ಹಳೆಯ ನೆನಪು ‘ಹೇಜಿ’ ಆಗಿದೆ ಅಂದರೆ ಆಕಾರ ಕಾಣುತ್ತದೆ, ಅಂಚು ಕಾಣುವುದಿಲ್ಲ. ಕನ್ನಡದಲ್ಲಿ ಇವಕ್ಕೆಲ್ಲ ಮಂಜು ಅಂದರೆ ಕೆಲಸ ಕೆಡುತ್ತದೆ. ಕಣ್ಣು ಮಂಜಾಗುತ್ತದೆ ನಿಜ, ಆದರೆ ಅದು ವಯಸ್ಸಾಗಿ, ಪೊರೆ ಬಂದು. ಪ್ರೀತಿಗೆ ಕಣ್ಣು ತೇವವಾಗುತ್ತದೆ, ಹನಿಗೂಡುತ್ತದೆ. ತಲೆಗೆ ಮಂಕು ಕವಿಯುತ್ತದೆ. ನೆನಪು ಮಸುಕಾಗುತ್ತದೆ.

ಇದನ್ನೆಲ್ಲ ನೋಡಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಇಂಗ್ಲಿಷ್ ಈ ವ್ಯತ್ಯಾಸಗಳನ್ನು ನಾಮಪದದಲ್ಲಿ ಇಟ್ಟಿದೆ, ಕನ್ನಡ ಅವನ್ನು ಕ್ರಿಯಾಪದದಲ್ಲಿ ಇಟ್ಟಿದೆ. ಮಂಜು ಸುಳಿಯುತ್ತದೆ, ಹಬ್ಬುತ್ತದೆ, ಮುಸುಕುತ್ತದೆ, ಕವಿಯುತ್ತದೆ, ಇಳಿಯುತ್ತದೆ, ಸುರಿಯುತ್ತದೆ, ಹರಿಯುತ್ತದೆ, ಕರಗುತ್ತದೆ. ‘ಮಂಜು ಸುಳಿಯುತ್ತಿತ್ತು’ ಅಂದರೆ ಯಾರೂ ಹೆದರುವುದಿಲ್ಲ, ಅದು ಮಿಸ್ಟ್. ‘ಮಂಜು ಕವಿದಿತ್ತು’ ಅಂದರೆ ಗಾಡಿ ನಿಧಾನ ಮಾಡಬೇಕು, ಅದು ಫಾಗ್. ನಾನು ಪದ ಹುಡುಕುತ್ತಾ ನಿಘಂಟಿನ ತಪ್ಪು ಪುಟದಲ್ಲಿ ಕೂತಿದ್ದೆ.

ಆ ಮೀನುಗಾರನ ಪುಟವನ್ನು ಮತ್ತೆ ಬರೆದೆ. ಈಗ ಅದು ಹೀಗಿದೆ: ‘ಬೆಳಿಗ್ಗೆ ನೀರಿನ ಮೇಲೆ ತೆಳ್ಳಗೆ ಮಂಜು ಸುಳಿಯುತ್ತಿತ್ತು. ಬಿಸಿಲು ಬಂದರೆ ಕರಗುತ್ತದೆ ಅಂದುಕೊಂಡು ದೋಣಿ ಇಳಿಸಿದ. ಮಧ್ಯಾಹ್ನ ಪೂರ್ವದ ಗಾಳಿಗೆ ಕಡಲಗಾವಳ ಎದ್ದು ಗೋಡೆಯ ಹಾಗೆ ಬರೋದು ಕಂಡಿತು. ಬಲೆ ಎಳೆದುಕೊಂಡ.’ ಕಡಲಗಾವಳ ನಾನೇ ಕಟ್ಟಿದ ಪದ, ಕಡಲಿನ ಕಾವಳ. ಗೆಳತಿಗೆ ಮತ್ತೆ ಕಳಿಸಿದೆ. ಈ ಸಲ ಅವಳು ಕೇಳಿದ್ದು, ‘ದಡ ಮುಟ್ಟಿದನಾ?’